ಮಲಗಿದ ಅಲಸಂದೆ

ಬುರುಡೆ ಅತ್ತೆ ಒಮ್ಮೆ ಕೋಲ್ಡ್ ರೂಮಿನೊಳಗೆ ಸೀನಿದ ರಭಸಕ್ಕೆ ಮೂವತ್ತು ಸಾವಿರ ಪೊಟ್ಟಣಗಳಲ್ಲಿ ಮಲಗಿದ್ದ ಬೀಜಗಳೆಲ್ಲ ಬೆಚ್ಚಿಬಿದ್ದು ಒಟ್ಟಿಗೇ ಮೊಳೆತುಬಿಟ್ಟವು. ಬಟಾಣಿ ಬಳ್ಳಿ ಬಾಗಿಲು ಒದ್ದು ಹೊರಬಂತು. ಬೀನ್ಸ್ ಬಳ್ಳಿ ಮೆಟ್ಟಿಲು ಹತ್ತಿ ಹೋಗಿ ನಿರ್ದೇಶಕರನ್ನು ಕುರ್ಚಿಸಮೇತ ಎತ್ತಿ ಚಾವಣಿ ಮುಟ್ಟಿಸಿತು. ಕಡಲೆ ಗಿಡಗಳು ಕಾರಿಡಾರಿನಲ್ಲಿ ಸಾಲಾಗಿ ನಿಂತು ಹಾಜರಿ ಕೂಗಿದವು. ಅತ್ತೆ ಮೂಗು ಒರೆಸಿಕೊಂಡು "ಛೀ, ಮಲಗ್ರೋ" ಎಂದು ಗದರಿದ ಮೇಲೆ ಅಷ್ಟೂ ತೆಪ್ಪಗೆ ಹಿಂತಿರುಗಿ, ತಂತಮ್ಮ ಚಿಪ್ಪಿನೊಳಗೆ ಕೈಕಾಲು ಮುದುರಿಕೊಂಡು ಸೇರಿಕೊಂಡವು. ಇದನ್ನು ಕಣ್ಣಾರೆ ಕಂಡವರು ಇಬ್ಬರು: ಕನ್ನಡಕ ಹಾಕಿಕೊಂಡ ಅತ್ತೆ ಮತ್ತು ಕನ್ನಡಕ ತೆಗೆದ ಅತ್ತೆ.

ಅತ್ತೆ ಬೇಳೆಕಾಳು ಸಂಶೋಧನಾ ಕೇಂದ್ರದ ಬೀಜ ಭಂಡಾರದ ಮೇಲ್ವಿಚಾರಕಿ. ಅವಳ ಅಣ್ಣನ ಮಗಳು ಅದೇ ಕೇಂದ್ರದ ಮೇಲಿನ ಮಹಡಿಯಲ್ಲಿ ಹೊಸ ತಳಿ ಬೆಳೆಸುವ ವಿಜ್ಞಾನಿ. ಅವಳು "ಅತ್ತೇ" ಎಂದು ಮೆಟ್ಟಿಲ ಮೇಲಿಂದ ಕೂಗಿ ಕೂಗಿ, ಕೊನೆಗೆ ಗೇಟಿನ ಕಾವಲುಗಾರನಿಂದ ನಿರ್ದೇಶಕರವರೆಗೆ ಎಲ್ಲರಿಗೂ ಇವಳು ಅತ್ತೆಯಾದಳು. ಹಿಂದಿನ 'ಬುರುಡೆ' ಎಂಬುದನ್ನು ಮಾತ್ರ ಅವಳು ಸ್ವಂತ ಪರಿಶ್ರಮದಿಂದ ಸಂಪಾದಿಸಿದ್ದಳು.

ಭಂಡಾರದ ಕೆಲಸ ಕೇಳುವುದಕ್ಕೆ ಸುಲಭ. ಬೆಟ್ಟ, ಬಯಲು, ಹಿತ್ತಿಲು, ರಸ್ತೆ ಬದಿ, ಎಲ್ಲಿ ಯಾವ ಕಾಳು ಬೆಳೆದರೂ ಒಂದು ಹಿಡಿ ತರಬೇಕು. ಒಣಗಿಸಿ, ಬೆಳ್ಳಿ ಬಣ್ಣದ ಪೊಟ್ಟಣಕ್ಕೆ ತುಂಬಿ, ಬಾಯಿ ಬೆಸೆದು ಚಳಿಯಲ್ಲಿ ಇಡಬೇಕು. ಕೆಲವು ವರ್ಷಕ್ಕೊಮ್ಮೆ ನಾಲ್ಕು ಬೀಜ ಹೊರತೆಗೆದು ಮೊಳಕೆ ಬರುತ್ತದೋ ಇಲ್ಲವೋ ನೋಡಬೇಕು. ಬಲ ಕುಂದಿದೆ ಅನಿಸಿದರೆ ಅದನ್ನು ಬಿತ್ತಿ, ಬೆಳೆಸಿ, ಹೊಸ ಬೀಜವನ್ನು ಹಳೆಯದರ ಜಾಗದಲ್ಲಿ ಇಡಬೇಕು. ಯಾವತ್ತೋ ಯಾರಿಗೋ ಬೇಕಾಗುತ್ತದೆ ಎಂದು ಇಷ್ಟೆಲ್ಲ.

ಆ ಕೋಲ್ಡ್ ರೂಮಿನ ಚಳಿಯಾದರೂ ಸಾಮಾನ್ಯದ್ದೇ? ಯಂತ್ರ ರಿಪೇರಿಗೆ ಬಂದ ಮೆಕ್ಯಾನಿಕ್ ಒಮ್ಮೆ ಹೆಂಡತಿಯ ಮೇಲಿನ ಸಿಟ್ಟನ್ನು ಅಲ್ಲೇ ಮರೆತು ಹೋಗಿದ್ದ. ಆರು ತಿಂಗಳ ಮೇಲೆ ಬಂದು ನೋಡಿದರೆ ಒಂದಿಷ್ಟೂ ಕೆಡದೆ, ಹೊಚ್ಚಹೊಸದಾಗಿ ಮೂರನೆಯ ಅರೆಯಲ್ಲಿ ಕೂತಿತ್ತಂತೆ. ನೋಡಲು ಬಂದವರಿಗೆಲ್ಲ ಅತ್ತೆ ಇದನ್ನು ಹೇಳುವವಳು. ಅವರು ದೊಡ್ಡ ಕೋಟುಗಳೊಳಗೆ ನಡುಗುತ್ತಾ ನಗುವಾಗ, ಕೈಯೆತ್ತಿ ಘೋಷಿಸುವಳು:

"ಇಲ್ಲಿ ಯಾವುದೂ ಸಾಯಲ್ಲ ಸ್ವಾಮಿ. ಸಾವು ಒಳಗೆ ಬರ್ಬೇಕು ಅಂದ್ರೆ ಚಪ್ಪಲಿ ಬಿಟ್ಟು, ಕೋಟು ಹಾಕ್ಕೊಂಡು, ನನ್ನ ಸಹಿ ತಗೊಂಡು ಬರ್ಬೇಕು. ನಾನು ಸಹಿ ಹಾಕಲ್ಲ. ಇವೆಲ್ಲ ಮಲಗಿವೆ, ಅಷ್ಟೇ."

ಈ ಮಾತಿನ ಹಿಂದೆ ಒಂದು ಸಂಗತಿ ಇತ್ತು. ಕಾಡು ಅಲಸಂದೆಯಂಥ ಕೆಲವು ಕಾಳುಗಳು ಮಹಾ ಹಟಮಾರಿಗಳು. ಅವುಗಳ ಚಿಪ್ಪಿನೊಳಗೆ ನೀರು ಇಳಿಯುವುದೇ ಇಲ್ಲ. ಒದ್ದೆ ಕಾಗದದಲ್ಲಿ ಸುತ್ತಿ ವಾರವಿಟ್ಟರೂ ಕಲ್ಲಿನ ಹರಳಿನಂತೆ ಕೂತಿರುತ್ತವೆ. ಮೊಳೆತದ್ದು ಬದುಕಿದೆ, ಕೊಳೆತದ್ದು ಸತ್ತಿದೆ. ಇವು ಮೊಳೆಯುವುದೂ ಇಲ್ಲ, ಕೊಳೆಯುವುದೂ ಇಲ್ಲ. ಭಂಡಾರದವರು ಇವನ್ನು ಗಟ್ಟಿ ಬೀಜ ಎನ್ನುತ್ತಾರೆ. ನಿಯಮದ ಪ್ರಕಾರ ಇಂಥ ಬೀಜದ ಚಿಪ್ಪನ್ನು ಒಂದು ಮೂಲೆಯಲ್ಲಿ ಚಿವುಟಿ, ನೀರಿಗೆ ದಾರಿ ಮಾಡಿಕೊಟ್ಟು, ಮತ್ತೆ ನೋಡಬೇಕು. ಅದಕ್ಕೆ ಲೋಕದ ಯಾವ ದೊಡ್ಡ ಯಂತ್ರವೂ ಬೇಡ, ಮನೆಯ ನೇಲ್ ಕಟರ್ ಸಾಕು. ಆದರೆ ಒಮ್ಮೆ ಚಿವುಟಿದ ಬೀಜ ಮತ್ತೆ ಪೊಟ್ಟಣಕ್ಕೆ ಹೋಗುವಂತಿಲ್ಲ. ಇರುವುದೇ ಒಂದು ಚಮಚದಷ್ಟಾದರೆ ಚಿವುಟಿ ಚಿವುಟಿ ಖಾಲಿ ಮಾಡಲು ಯಾರಿಗೆ ಮನಸ್ಸು ಬರುತ್ತದೆ? ಅತ್ತೆ ಚಿವುಟುತ್ತಿರಲಿಲ್ಲ. ಹರಳಿನಂತೆ ಉಳಿದವನ್ನು ಒರೆಸಿ, ಒಣಗಿಸಿ, ವಾಪಸು ಹಾಕಿ, "ಗಟ್ಟಿಯಾಗಿವೆ, ಮಲಗಿವೆ" ಎಂದು ಬದುಕಿದವುಗಳ ಲೆಕ್ಕಕ್ಕೆ ಸೇರಿಸುತ್ತಿದ್ದಳು.

ಆ ವರ್ಷ ಸೊರಗು ರೋಗ ಬಂತು. ಎಂಥಾ ರೋಗ! ಬೆಳಿಗ್ಗೆ ನೆಟ್ಟಗೆ ನಿಂತಿದ್ದ ಅಲಸಂದೆ ಗಿಡ ಮಧ್ಯಾಹ್ನಕ್ಕೆ ತಲೆ ಬಗ್ಗಿಸಿ, ಸಂಜೆಗೆ ನೆಲಕ್ಕೆ ಒರಗಿ, ಕೇಂದ್ರದ ಹೊಲಗಳು ಯಾರೋ ಇಸ್ತ್ರಿ ಮಾಡಿದಂತೆ ಚಪ್ಪಟೆಯಾದವು. ಮಣ್ಣಿನಲ್ಲಿ ಕೂತು ಬೇರಿನಿಂದ ಏರುವ ಬೂಷ್ಟು ಅದು. ಔಷಧಿ ಹೊಡೆದರೆ ಅದಕ್ಕೆ ಸ್ನಾನ ಮಾಡಿಸಿದಂತೆ ಆಗುತ್ತಿತ್ತು. ಅಣ್ಣನ ಮಗಳು ಹತ್ತು ವರ್ಷ ಕಷ್ಟಪಟ್ಟು ಬೆಳೆಸಿದ ತಳಿಗಳು ಒಂದೊಂದಾಗಿ ಮಲಗಿದವು. ಬೇಲಿಯ ಆಚೆಗಿನ ಹೊಲಗಳಿಗೂ ಅದು ದಾಟಿತು.

ಒಂದು ಬೆಳಿಗ್ಗೆ ಅವಳು ಕೆಸರು ಬೂಟಿನಲ್ಲೇ ಕೋಲ್ಡ್ ರೂಮಿನ ಬಾಗಿಲಿಗೆ ಬಂದಳು.

"ಅತ್ತೆ, ಅಪ್ಪ ತಂದ ಅಲಸಂದೆ ಬೇಕು."

ಅಪ್ಪ ಎಂದರೆ ಅತ್ತೆಯ ಅಣ್ಣ. ಬದುಕಿದ್ದಾಗ ಇದೇ ಕೇಂದ್ರಕ್ಕೆ ಊರೂರು ಅಲೆದು ಬೀಜ ತರುತ್ತಿದ್ದವನು. ಒಂದು ಗುಡ್ಡದ ಬಂಡೆ ಸಂದಿಯಿಂದ ಹೆಸರುಕಾಳಿನಷ್ಟು ಸಣ್ಣದಾದ ಕಪ್ಪು ಕಾಡು ಅಲಸಂದೆಯನ್ನು ತಂದಿದ್ದ. ಆಗೊಮ್ಮೆ ರೋಗದ ಮಣ್ಣಿನಲ್ಲಿ ಹಾಕಿ ನೋಡಿದಾಗ ಸುತ್ತಲಿನ ಗಿಡಗಳೆಲ್ಲ ಸೊರಗಿ ಬಿದ್ದರೂ ಅದು ಒಂದೆಲೆಯನ್ನೂ ಬಾಗಿಸಿರಲಿಲ್ಲ. ಆ ಗುಡ್ಡ ಈಗಿಲ್ಲ. ಅದನ್ನು ಸವರಿ ವಿಮಾನಗಳು ಇಳಿಯುವ ರನ್‌ವೇ ಮಾಡಿದ್ದಾರೆ. ಆ ಅಲಸಂದೆ ಈಗ ಉಳಿದಿರುವುದು ಅತ್ತೆಯ ಒಂದು ಪೊಟ್ಟಣದಲ್ಲಿ ಮಾತ್ರ.

ಅತ್ತೆಯ ಕೈ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿಯಿತು. ಆದರೆ ನಾಲಿಗೆಗೆ ಅದು ತಿಳಿಯಲಿಲ್ಲ.

"ಮಲಗಿದೆ ಕಣೇ. ಈಗ ಎಬ್ಬಿಸಿದ್ರೆ ಸಿಡಿಮಿಡಿ ಅನ್ನುತ್ತೆ. ಥೇಟ್ ನಿಮ್ಮಪ್ಪ."

"ಅಪ್ಪನ್ನ ಎಬ್ಬಿಸೋಕೆ ನೀನು ಚೊಂಬಲ್ಲಿ ನೀರು ಸುರೀತಿದ್ದೆ ಅಂತ ಅಮ್ಮ ಹೇಳ್ತಾಳೆ. ಇದಕ್ಕೂ ಸುರಿ."

"ಹವಾ ಸರಿಯಿಲ್ಲ ಈಗ. ಇನ್ನೆರಡು ತಿಂಗಳು ಹೋಗ್ಲಿ."

"ಎರಡು ತಿಂಗಳಿಗೆ ಬೇರೆ ಏನೂ ನಿಂತಿರಲ್ಲ ಅತ್ತೆ. ಇದನ್ನ ಇದೇ ಹಂಗಾಮಿನಲ್ಲಿ ನಮ್ಮ ಅಲಸಂದೆ ಜೊತೆ ಕೂಡಿಸಿ ಹೊಸ ತಳಿ ಶುರು ಮಾಡದೇ ಇದ್ರೆ ಅಲಸಂದೆ ಅನ್ನೋದನ್ನೇ ಮರೀಬೇಕು. ನನ್ನ ಹತ್ರ ಬೇರೆ ದಾರಿ ಇಲ್ಲ. ನಿಜವಾಗ್ಲೂ ಇಲ್ಲ." ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು. "ಬದುಕಿವೆ ತಾನೇ?"

ಆ ಒಂದು ಪ್ರಶ್ನೆಗೆ "ಗೊತ್ತಿಲ್ಲ, ಚಿವುಟಿ ನೋಡಿಲ್ಲ" ಎಂದಿದ್ದರೆ ಮುಗಿಯುತ್ತಿತ್ತು. ಅತ್ತೆ ಸೊಂಟಕ್ಕೆ ಕೈಯಿಟ್ಟಳು.

"ಬದುಕಿವೆಯಾ ಅಂತ ಕೇಳ್ತೀಯಲ್ಲ! ಕಿವಿಗೊಟ್ಟು ಕೇಳು, ಗೊರಕೆ ಹೊಡೀತಿವೆ."

ಮಧ್ಯಾಹ್ನ ನಿರ್ದೇಶಕರು ಸಭೆ ಕರೆದರು. ಅವರು ಬಹಳ ಚಿಂತೆಯ ಮನುಷ್ಯರು. ಅವರ ಹಣೆಯ ಗೆರೆಗಳಲ್ಲಿ ಕಡಲೆ ಬಿತ್ತಿದರೆ ಒಳ್ಳೆಯ ಫಸಲು ಬರುತ್ತಿತ್ತು. "ಅತ್ತೆಯವರೇ, ನಂಬಬಹುದಾ?" ಎಂದು ಅವರು ಕೇಳಿದಾಗ ಅಣ್ಣನ ಮಗಳು ಮೇಜಿನ ಆಚೆಯಿಂದ ಇವಳನ್ನೇ ನೋಡುತ್ತಿದ್ದಳು. ಅತ್ತೆ ಹೇಳಿದಳು: ಆ ಬೀಜವನ್ನು ಬಂಡೆಯ ಮೇಲೆಸೆದರೆ ಬಂಡೆಯೇ ಪಕ್ಕಕ್ಕೆ ಸರಿದು ಜಾಗ ಬಿಡುತ್ತದೆ, ಒಂದು ಹಾಕಿದರೆ ಎರಡು ಮೊಳೆಯುತ್ತವೆ. ಎಲ್ಲರೂ ನಕ್ಕರು. ಎಷ್ಟೋ ದಿನದ ಮೇಲೆ ಆ ಕೋಣೆಯಲ್ಲಿ ನಗು ಕೇಳಿಸಿತ್ತು. ನಿರ್ದೇಶಕರು ರೋಗದ ಮಣ್ಣಿನ ಮಡಿ ಸಿದ್ಧಮಾಡಲು ಅಲ್ಲೇ ಹೇಳಿದರು.

ಮರುದಿನ ಪ್ರಯೋಗಾಲಯದ ಬಿಳಿ ಮೇಜಿನ ಮೇಲೆ ಪೊಟ್ಟಣದ ಬಾಯಿ ಕತ್ತರಿಸಿದರು. ಕಪ್ಪು ಕಾಳುಗಳು ಗಾಜಿನ ತಟ್ಟೆಯಲ್ಲಿ ಮಣಿಗಳಂತೆ ಸದ್ದು ಮಾಡಿದವು. ಅಣ್ಣನ ಮಗಳು ಹತ್ತನ್ನು ಎಣಿಸಿ, ಕಟರಿನಿಂದ ಒಂದೊಂದನ್ನೇ ಚಿವುಟಿ, ಒದ್ದೆ ಕಾಗದದ ಮೇಲೆ ಸಾಲಾಗಿ ಇಟ್ಟು, ಬೆಚ್ಚಗಿನ ಪೆಟ್ಟಿಗೆಗೆ ಸೇರಿಸಿದಳು. ಅಣ್ಣನ ಕೈಬೆರಳೇ ಅವಳಿಗೂ ಬಂದಿತ್ತು, ಉದ್ದ ಮತ್ತು ಚಪ್ಪಟೆ.

ಬೀಜಗಳು ಉಬ್ಬಿದವು. "ನೋಡ್ದಾ!" ಎಂದು ಅತ್ತೆ ಕುಣಿದಳು. ಉಬ್ಬುವುದೇನು ದೊಡ್ಡದು, ಸತ್ತದ್ದೂ ನೀರು ಕುಡಿದು ಉಬ್ಬುತ್ತದೆ. ಆಮೇಲೆ ಅವು ಮೆತ್ತಗಾದವು. ತಟ್ಟೆಯ ಮುಚ್ಚಳ ತೆಗೆದರೆ ಹುಳಿ ವಾಸನೆ. ಬಿಳಿ ಬೂಷ್ಟು ಹತ್ತಕ್ಕೆ ಹತ್ತನ್ನೂ ಹತ್ತಿಯಂತೆ ಹೊದೆದುಕೊಂಡಿತ್ತು.

ಅಣ್ಣನ ಮಗಳು ತಟ್ಟೆಯನ್ನು ನೋಡುತ್ತಾ ನಿಂತಳು.

"ತಪ್ಪು ಕಡೆ ಚಿವುಟಿದ್ದೀಯ," ಅಂದಳು ಅತ್ತೆ. "ಬೀಜದ ಕಣ್ಣಿರೋ ಕಡೆ ಕತ್ತರಿ ಹಾಕಿದ್ದೀಯ. ಒಳಗಿರೋ ಮೊಳಕೆನೇ ಹೋಯ್ತು. ಹಿಂದುಗಡೆ ಹಾಕ್ಬೇಕು."

"ಹಿಂದುಗಡೇನೇ ಹಾಕಿದ್ದೆ ಅತ್ತೆ."

"ಹಾಕಿರ್ಲಿಲ್ಲ. ನಾನು ನೋಡ್ದೆ."

ನೋಡಿರಲಿಲ್ಲ. ಹುಡುಗಿ ಸರಿಯಾಗಿಯೇ ಚಿವುಟಿದ್ದಳು. ಆದರೆ ಅತ್ತೆಯ ದನಿಯಲ್ಲಿ ಅದೆಂಥ ಗಟ್ಟಿತನವಿತ್ತೆಂದರೆ ಹುಡುಗಿ ತನ್ನ ಬೆರಳುಗಳನ್ನೇ ಅನುಮಾನದಿಂದ ತಿರುಗಿಸಿ ನೋಡಿಕೊಂಡಳು. "ಹಾಗಾದ್ರೆ ಹತ್ತು ಬೀಜ ನಾನೇ ಕೊಂದೆನಾ?" ಅಂದಳು. ಅತ್ತೆ ಇಲ್ಲವೆನ್ನಲಿಲ್ಲ.

"ಉಳಿದದ್ದನ್ನ ನಾನು ಮಾಡ್ತೀನಿ. ನೀನು ಊಟಕ್ಕೆ ಹೋಗು."

"ಇಲ್ಲೇ ಇರ್ತೀನಿ."

"ನೀನು ಹೀಗೆ ಗುರಾಯಿಸ್ತಾ ನಿಂತ್ರೆ ಬೀಜ ನಾಚ್ಕೊಳ್ಳುತ್ತೆ. ಹೋಗೇ."

ಅವಳು ಹೋದಳು. ಪ್ರಯೋಗಾಲಯದಲ್ಲಿ ಬೆಚ್ಚಗಿನ ಪೆಟ್ಟಿಗೆಯ ಗುಂಯ್ ಸದ್ದೊಂದೇ. ಅತ್ತೆ ಮೊದಲನೆಯ ಬೀಜವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಉಸಿರು ಬಿಗಿಹಿಡಿದು ಕಟರ್ ಒತ್ತಿದಳು. ಟಕ್ ಎಂದಿತು. ಕನ್ನಡಕ ಏರಿಸಿ ಒಳಗೆ ನೋಡಿದಳು. ಅಬ್ಬಾ! ಕೆನೆಯಂಥ ಬಿಳುಪು! ಆನೆಯ ದಂತ ಅದರ ಮುಂದೆ ಮಾಸಲು ಎನ್ನಬೇಕು. ಬೀಜದ ಒಳಗಿನ ಬಣ್ಣ ಹಾಗಿದ್ದರೆ ಜೀವವಿದೆ ಎಂದೇ ಲೆಕ್ಕ. ಅತ್ತೆ ಉಳಿದವನ್ನೂ ಚಿವುಟಿದಳು, ಎಲ್ಲವೂ ದಂತ, ಎಲ್ಲವೂ ಕೆನೆ. ತಟ್ಟೆಗಿಟ್ಟು ಮುಚ್ಚಳ ಹಾಕುವಷ್ಟರಲ್ಲೇ ಎರಡು ಬೀಜಗಳು ಆಕಳಿಸಿದವು.

ಮೂರು ದಿನಕ್ಕೆ ಮೊಳಕೆ ಬಂತು. ಒಂದಲ್ಲ ಎರಡಲ್ಲ, ಇಪ್ಪತ್ತೊಂದು! ಬೆಳ್ಳಗೆ, ದಪ್ಪಗೆ, ಕೊಕ್ಕೆಯಂತೆ ಬಾಗಿ ತಟ್ಟೆಯ ಮುಚ್ಚಳವನ್ನು ತಲೆಯಿಂದ ತಳ್ಳುತ್ತಿದ್ದವು. ಅಣ್ಣನ ಮಗಳು ನೋಡಿದವಳೇ ಅತ್ತೆಯ ಕತ್ತಿಗೆ ಜೋತುಬಿದ್ದು ಅತ್ತಳು. ಕೆಸರು ಬೂಟು, ಕಾಫಿ ಕಲೆಯ ಕೋಟು, ಮೂರು ವಾರದ ನಿದ್ದೆಗೇಡು, ಎಲ್ಲವೂ ಒಟ್ಟಿಗೆ ಅತ್ತೆಯ ಹೆಗಲ ಮೇಲೆ ಬಿದ್ದವು.

"ಅಪ್ಪ ಇರಬೇಕಿತ್ತು ಅತ್ತೆ."

"ಇದ್ದಿದ್ರೆ ಎಲ್ಲಾ ತನ್ನಿಂದ್ಲೇ ಆಯ್ತು ಅಂತಿದ್ದ. ಬಡಾಯಿ ನಮ್ಮ ಮನೆತನದ್ದು," ಅಂದಳು ಅತ್ತೆ. ಅವಳ ಕೈ ಹುಡುಗಿಯ ಬೆನ್ನಿನ ಮೇಲೆ ಇತ್ತು, ಆದರೆ ಸವರಲಿಲ್ಲ.

ಸುದ್ದಿ ಕೇಂದ್ರದ ತುಂಬ ಹಬ್ಬಿತು. ನಿರ್ದೇಶಕರ ಹಣೆಯ ಗೆರೆಗಳಲ್ಲಿ ಎರಡು ಅಳಿಸಿಹೋದವು. ಅವರು ಬೇರೆ ಮೂರು ಕೇಂದ್ರಗಳಿಗೆ ಫೋನು ಮಾಡಿ "ನಮ್ಮಲ್ಲಿ ಇದೆ, ನಿಮಗೂ ಕೊಡ್ತೀವಿ" ಎಂದರು. ಅಣ್ಣನ ಮಗಳು ಇಪ್ಪತ್ತೊಂದು ಕಾಗದದ ಲೋಟಗಳಿಗೆ ಮಣ್ಣು ತುಂಬಿ, ಒಂದೊಂದು ಮೊಳಕೆಯನ್ನೂ ಹಸುಗೂಸಿನಂತೆ ಎತ್ತಿ ನೆಟ್ಟಳು. ಹಗಲೆಲ್ಲ ಗಾಜಿನ ಮನೆಯಲ್ಲೇ ಇದ್ದಳು. ಅತ್ತೆ ಮಾತ್ರ ಆ ವಾರ ಗಾಜಿನ ಮನೆಯ ಕಡೆ ಸುಳಿಯಲಿಲ್ಲ. ಕಾಲುನೋವು ಎಂದಳು. ಎಂಥ ಕಾಲುನೋವೆಂದರೆ, ಕ್ಯಾಂಟೀನಿಗೆ ಹೋಗುವಾಗ ಬರುತ್ತಿರಲಿಲ್ಲ.

ಅಲಸಂದೆ ಮಣ್ಣಿನಿಂದ ತಲೆಯೆತ್ತಿ ಮೊದಲು ಎರಡು ಎಲೆಗಳನ್ನು ಬಿಡಿಸುತ್ತದೆ. ಅವು ಬಿಡಿಸಿಕೊಂಡ ದಿನ ಅಣ್ಣನ ಮಗಳು ಒಂದು ಲೋಟವನ್ನು ಕೈಯಲ್ಲಿ ಹಿಡಿದುಕೊಂಡು ಕೆಳಗೆ ಬಂದಳು. ಅತ್ತೆ ಭಂಡಾರದ ಮುಂಗೋಣೆಯಲ್ಲಿ ಖಾಲಿ ಪೊಟ್ಟಣಗಳನ್ನು ಜೋಡಿಸುತ್ತಿದ್ದಳು. ಹುಡುಗಿ ಲೋಟವನ್ನು ಮೇಜಿನ ಮೇಲೆ ಇಟ್ಟಳು.

"ಎಲೆ ಅಗಲ ಇದೆ ಅತ್ತೆ."

"ಅಗಲ ಇದ್ರೆ ಒಳ್ಳೇದೇ ಅಲ್ವಾ."

"ಕಾಡು ಅಲಸಂದೆಗೆ ಮೊದಲ ಎಲೆ ಸಣ್ಣಗೆ, ಉದ್ದಕ್ಕೆ, ಚಾಕು ಥರ ಬರುತ್ತೆ. ನಂಗೆ ಅಪ್ಪನೇ ತೋರಿಸಿದ್ದ. ಇದು ವೀಳ್ಯದೆಲೆ ಥರ ಇದೆ. ಇಪ್ಪತ್ತೊಂದೂ ಹೀಗೇ ಇವೆ."

"ನೀರು ಜಾಸ್ತಿ ಹಾಕಿದ್ದೀಯ. ಅದಕ್ಕೇ ಉಬ್ಬಿದೆ. ನಮ್ಮನೆ ಹೆಣ್ಮಕ್ಕಳೂ ಹಾಗೇ ಅಲ್ವಾ, ಎರಡು ದಿನ ಚೆನ್ನಾಗಿ ತಿಂದ್ರೆ..."

ಹುಡುಗಿ ನಗಲಿಲ್ಲ.

"ಅತ್ತೆ, ಇದು ಅಪ್ಪನ ಅಲಸಂದೆ ಅಲ್ಲ."

ಅತ್ತೆ ಕೈಯಲ್ಲಿದ್ದ ಪೊಟ್ಟಣವನ್ನು ಮಡಿಸಿದಳು. ಮತ್ತೆ ಬಿಡಿಸಿದಳು. ಬಾಯಿ ತೆರೆದಳು, ಇಂಥ ಹೊತ್ತಿಗೆ ಹತ್ತು ಕಥೆಗಳು ತಾವಾಗಿ ಓಡಿಬರುತ್ತಿದ್ದ ಬಾಯಿ ಅದು. ಒಂದೂ ಬರಲಿಲ್ಲ.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆ ದಿನ ಬೀಜದೊಳಗೆ ದಂತದ ಬಿಳುಪು ಇತ್ತು ಎಂದು ಮೇಲೆ ಹೇಳಿದ್ದು ಸುಳ್ಳು. ಮೊದಲನೆಯ ಬೀಜದ ಒಳಗೆ ಕಂದು ಬಣ್ಣವಿತ್ತು. ಬಹಳ ದಿನ ಮುಚ್ಚಿಟ್ಟ ತೊಗಟೆಯ ಪುಡಿಯಂತೆ ಒಣಗಿತ್ತು. ಎರಡನೆಯದರಲ್ಲೂ ಅದೇ. ಅತ್ತೆ ಕುರ್ಚಿ ಎಳೆದುಕೊಂಡು ಕೂತು, ಕನ್ನಡಕ ಒರೆಸಿಕೊಂಡು, ಒಂದೊಂದನ್ನೇ ಚಿವುಟುತ್ತಾ ಹೋದಳು. ಎಲ್ಲ ಮುಗಿದಾಗ ಮೇಜಿನ ಮೇಲೆ ಕಪ್ಪು ಚಿಪ್ಪಿನ ಚೂರುಗಳು ಬಿದ್ದಿದ್ದವು. ಆಮೇಲೆ ಭಂಡಾರಕ್ಕೆ ಹೋಗಿ, ಎಲ್ಲ ಕಡೆ ಬೆಳೆಯುವ ಒಂದು ಸಾದಾ ಕಪ್ಪು ಅಲಸಂದೆಯ ಪೊಟ್ಟಣ ತಂದು, ಜರಡಿ ಹಿಡಿದು, ಅತಿ ಸಣ್ಣ ಕಾಳುಗಳನ್ನು ಆರಿಸಿ, ತಟ್ಟೆಯಲ್ಲಿಟ್ಟು ಮುಚ್ಚಳ ಹಾಕಿದಳು. ಅಷ್ಟರಲ್ಲಿ ಊಟದ ಹೊತ್ತು ಮುಗಿದಿತ್ತು.

"ಸಾದಾ ಕಪ್ಪು," ಅಂದಳು ಅತ್ತೆ. "ಎರಡನೇ ಸಾಲಿಂದು."

ಹುಡುಗಿ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಳು.

"ಅಪ್ಪನದು?"

"ಎಲ್ಲಾ ಚಿವುಟಿ ನೋಡ್ದೆ. ಒಳಗೆ ಕಂದು."

"ಎಲ್ಲಾನಾ?"

"ಎಲ್ಲಾನೂ. ಕೊನೇದೊಂದು ಚೆನ್ನಾಗಿರುತ್ತೆ ಅಂದ್ಕೊಂಡೆ. ಅದೂ ಹಾಗೇ ಇತ್ತು."

"ನಾನು ಮೊದಲು ಹಾಕಿದ ಹತ್ತು..."

"ಸರಿಯಾಗೇ ಚಿವುಟಿದ್ದೆ. ನಿನ್ನ ತಪ್ಪೇನಿಲ್ಲ. ಅವು ಮೊದಲೇ ಸತ್ತಿದ್ವು."

ಕೋಲ್ಡ್ ರೂಮಿನ ಯಂತ್ರ ಗೋಡೆಯಾಚೆ ಒಮ್ಮೆ ನಿಂತು, ಮತ್ತೆ ಶುರುವಾಯಿತು. ಹುಡುಗಿ ಕೇಳಿದಳು:

"ಯಾವಾಗ ಸತ್ತಿದ್ದು?"

"ಗೊತ್ತಿಲ್ಲ ಕಣೇ. ಪ್ರತಿ ಸಲ ಗಟ್ಟಿ ಇವೆ, ಮಲಗಿವೆ ಅಂತ ವಾಪಸ್ ಇಟ್ಟೆ. ಹೋದ ವರ್ಷವೋ, ನಿಮ್ಮಪ್ಪ ಇದ್ದಾಗ್ಲೋ. ಒಂದನ್ನ ಅವತ್ತೇ ಚಿವುಟಿದ್ರೆ ಗೊತ್ತಾಗ್ತಿತ್ತು. ಬಲ ಕಡಿಮೆ ಆಗ್ತಿದೆ ಅಂತ ಗೊತ್ತಾಗಿದ್ರೆ ಬಿತ್ತಿ ಹೊಸ ಬೀಜ ಮಾಡಬಹುದಿತ್ತು. ಖಾಲಿಯಾಗುತ್ತೆ ಅಂತ ಚಿವುಟಲಿಲ್ಲ."

"ಬೇರೆ ಗಟ್ಟಿ ಬೀಜಗಳನ್ನಾದ್ರೂ ಚಿವುಟಿ ನೋಡಿದ್ದೀಯಾ?"

"ಸ್ವಲ್ಪ ಇದ್ದಿದ್ದನ್ನ ಯಾವುದನ್ನೂ ಇಲ್ಲ."

"ಅಂಥವು ಎಷ್ಟಿವೆ?"

"ಬಾಗಿಲಿನ ಎಡಗಡೆ ಗೋಡೆ."

"ಗೋಡೆ ಅಂದ್ರೆ?"

"ಪೂರ್ತಿ ಗೋಡೆ."

ನೆಲದಿಂದ ಚಾವಣಿಯವರೆಗೆ ಪೊಟ್ಟಣ ತುಂಬಿದ ಆ ಗೋಡೆಯ ಮುಂದೆಯೇ ನೋಡಲು ಬಂದವರೆಲ್ಲ ನಗುತ್ತಾ ನಡುಗುತ್ತಾ ನಿಲ್ಲುತ್ತಿದ್ದರು. ಹುಡುಗಿ ಕುರ್ಚಿಯಲ್ಲಿ ಕೂತಳು. ಮೇಲಿನ ಮಹಡಿಯಲ್ಲಿ ನಿರ್ದೇಶಕರು ಯಾರ ಜೊತೆಗೋ ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದದ್ದು ಕೇಳಿಸುತ್ತಿತ್ತು; ಖುಷಿಯ ದನಿ.

"ಯಾಕತ್ತೆ ಹೀಗ್ಮಾಡ್ದೆ? ಅವತ್ತೇ ಹೇಳಿದ್ರೆ ಈ ವಾರ ನಾನು..." ಏನು ಮಾಡುತ್ತಿದ್ದೆ ಎಂಬುದು ಅವಳಿಗೇ ಹೊಳೆಯಲಿಲ್ಲ. ಮಾಡುವುದಕ್ಕೆ ಏನೂ ಇರಲಿಲ್ಲ.

"ಮೊದಲನೇ ತಟ್ಟೆ ನೋಡಿದಾಗ ನಿನ್ನ ಮುಖ ನಂಗೆ ನೋಡೋಕೆ ಆಗಲಿಲ್ಲ. ಒಂದು ವಾರ ಆದ್ರೂ ಬೇರೆ ಥರ ಇರ್ಲಿ ಅನ್ಸ್ತು. ಅಷ್ಟೇ. ಅದರಾಚೆಗೆ ನಾನು ಯೋಚ್ನೆ ಮಾಡ್ಲಿಲ್ಲ."

ಹುಡುಗಿ ಲೋಟದಲ್ಲಿನ ಗಿಡವನ್ನು ನೋಡಿದಳು. ಅದು ಆರೋಗ್ಯವಾಗಿ, ಹಸಿರಾಗಿ ನಿಂತಿತ್ತು. ರೋಗದ ಮಣ್ಣಿಗೆ ಹಾಕಿದರೆ ಎರಡು ವಾರಕ್ಕೆ ಮಲಗುವ ಗಿಡ.

"ಒಂದಾದ್ರೂ ಎತ್ತಿಟ್ಟಿದ್ದೀನಿ ಅನ್ನು ಅತ್ತೆ," ಅಂದಳು. ಅವಳ ದನಿ ಸಣ್ಣ ಹುಡುಗಿಯದಾಗಿತ್ತು. "ಸೆರಗಲ್ಲೋ, ಡ್ರಾಯರಲ್ಲೋ, ಎಲ್ಲಾದ್ರೂ. ನೀನು ಯಾವಾಗ್ಲೂ ಏನಾದ್ರೂ ಎತ್ತಿಟ್ಟಿರ್ತೀಯಲ್ಲ. ಅನ್ನು."

"ಇಲ್ಲ ಮಗಳೇ," ಅಂದಳು ಅತ್ತೆ. "ಏನೂ ಎತ್ತಿಟ್ಟಿಲ್ಲ. ಬಾ, ಮೇಲೆ ಹೋಗಿ ಅವರಿಗೆ ಹೇಳೋಣ. ನಾನೇ ಹೇಳ್ತೀನಿ. ಎಡಗಡೆ ಗೋಡೇದೂ ಹೇಳ್ತೀನಿ."